ನಾಲ್ಕು ತಾಲ್ಲೂಕಿನ ಸಕ್ಕರೆ

ನಮ್ಮ ಮಾವನವರು ಒಂದು ದಿನವೂ ಮನೆಯಲ್ಲಿ ಒಂದು ಚಮಚ ಸಕ್ಕರೆ ಕೇಳಿ ತಿಂದವರಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಅವರಷ್ಟು ಸಕ್ಕರೆ ತಿಂದ ಮನುಷ್ಯ ಇನ್ನೊಬ್ಬರಿರಲಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಅದು ಹೇಗೆ ಅಂತೀರಾ? ಅವರು ಲಗ್ನ ಕೂಡಿಸುವವರು!

ಅದೇನೂ ಅವರ ಉದ್ಯೋಗವಲ್ಲ, ಚಟ. ಬೇರೆ ಗಂಡಸರು ಇಸ್ಪೀಟು ಆಡುತ್ತಾರೆ, ತಂಬಾಕು ತಿಕ್ಕುತ್ತಾರೆ. ಇವರು ಕೊಡೆ ಹಿಡಿದು ಬಸ್ಸು ಹತ್ತುತ್ತಿದ್ದರು. ಪಕ್ಕದಲ್ಲಿ ಕೂತವರ ಹೆಸರು ಕೇಳುವ ಮೊದಲೇ, "ನಿಮ್ಮ ಮನ್ಯಾಗ ಲಗ್ನಕ್ಕ ಬಂದವರು ಎಷ್ಟು ಮಂದಿ ಅದಾರ್ರೀ?" ಎಂದು ಕೇಳುವುದು. ಸಿಂದಗಿಯಲ್ಲಿ ಟಿಕೇಟು ಹರಿಯಲು ಬಂದ ಕಂಡಕ್ಟರನೊಬ್ಬ ಇಂಡಿ ಮುಟ್ಟುವಷ್ಟರಲ್ಲಿ ಯಾರದೋ ಮನೆಯ ಅಳಿಯನಾಗಿಬಿಟ್ಟಿದ್ದನಂತೆ!

ನಮ್ಮ ಕಡೆ ಎರಡೂ ಮನೆಯವರು ಒಪ್ಪಿದರೆಂದರೆ ಸಕ್ಕರೆ ಹಂಚುತ್ತಾರೆ. ಮೊದಲ ಮುಷ್ಟಿ ನಡುವೆ ನಿಂತು ಮಾತಾಡಿದವರ ಬಾಯಿಗೆ. ಗಮನಿಸಿ, ಚಿಟಿಕೆಯಲ್ಲ, ಮುಷ್ಟಿ! ಅವರು ಅದನ್ನು ನುಂಗುವವರೆಗೆ ಮಾತು ಗಟ್ಟಿಯಾದಂತೆ ಅಲ್ಲ. ಅದಕ್ಕೂ ಮೊದಲು ಹೋದ ಹೋದ ಮನೆಯಲ್ಲಿ ನೀರಿನ ತಂಬಿಗೆಯ ಜೊತೆ ಬೆಲ್ಲದ ಹೆಂಟೆ. ಒಂದು ಲಗ್ನಕ್ಕೆ ಹತ್ತು ಮನೆ ಹತ್ತಿಳಿಯಬೇಕು. ಮಾವನವರು ಕೂಡಿಸಿದ ಲಗ್ನಗಳು ನೂರರ ಮೇಲೆ. ಗುಣಾಕಾರ ನೀವೇ ಮಾಡಿಕೊಳ್ಳಿ!

ಒಂದು ಸಲ ಅವರ ಎಡಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿತು. ಅಂಗೈಯಲ್ಲಿ ಅರಿಸಿನ ಕಲಸಿ ಹಚ್ಚಿದೆವು. ಎರಡು ತಿಂಗಳಾದರೂ ಗಾಯ ಮಾಯಲಿಲ್ಲ. ಬಿಜಾಪುರದ ಡಾಕ್ಟರರು ನೋಡಿ, ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಎಂದರು. ಮಾವನವರನ್ನು ಹೊರಗೆ ಕೂಡಿಸಿ ನನಗೂ ನಮ್ಮ ಯಜಮಾನರಿಗೂ ಹೇಳಿದ ಮಾತು ಬೇರೆ: "ಬಾಯಿ ಕಟ್ಟಿದ್ರ ಬೆರಳು ಉಳೀತೈತಿ. ಇಲ್ಲಾಂದ್ರ ಮೊದಲ ಬೆರಳು ತಗೀಬೇಕಾಗ್ತೈತಿ, ಆಮ್ಯಾಲ ಪಾದ."

ಅತ್ತೆಯವರು ನಾನು ಈ ಮನೆಗೆ ಬರುವ ಮೊದಲೇ ತೀರಿಹೋಗಿದ್ದರು. ಆದ್ದರಿಂದ ಬೆರಳು ಉಳಿಸುವ ಭಾರ ನನ್ನ ಒಲೆಯ ಮೇಲೆ ಬಿತ್ತು.

ನನಗೇನೂ ಭಯವಾಗಲಿಲ್ಲ, ಬಲ್ಲಿರಾ! ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. 'ರೋಗಿಯ ಆಹಾರ' ಎಂಬ ಪಾಠದಲ್ಲಿ ತರಗತಿಗೇ ಮೊದಲಿಗಳು. ಟ್ರಂಕಿನ ತಳದಿಂದ ಹಳೆಯ ನೋಟುಪುಸ್ತಕ ತೆಗೆದೆ. ರೋಗಿಗೆ ಹಗುರಾದ, ಬಿಳುಪಾದ, ಮೆತ್ತನೆಯ ಆಹಾರ ಎಂದು ನನ್ನದೇ ದುಂಡು ಅಕ್ಷರದಲ್ಲಿತ್ತು. ಮಾವನವರ ರೊಟ್ಟಿ ನಿಲ್ಲಿಸಿದೆ. ಮುಂಜಾನೆ ಸಾಬುದಾಣಿಯ ಗಂಜಿ, ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನ, ಸಂಜೆಗೆ ಬಿಜಾಪುರದಿಂದ ತರಿಸಿದ ಬ್ರೆಡ್ಡು. ಗಂಜಿಯ ಬಟ್ಟಲನ್ನು ಮಾವನವರು ಎತ್ತಿ, ಓರೆ ಮಾಡಿ, ಅದು ನಿಧಾನಕ್ಕೆ ಜಾರುವುದನ್ನು ನೋಡಿದರು.

"ಯವ್ವಾ, ಇದನ್ನ ಗ್ವಾಡಿಗೆ ಹಚ್ಚೂದೋ, ಬಾಯಿಗೆ ಹಚ್ಚೂದೋ?"

"ಬಾಯಿಗೇರಿ, ಮಾವಾರ."

"ಹಂಗಾರ ಗ್ವಾಡಿ ಪುಣ್ಯಾ ಮಾಡೇತಿ ಬಿಡು," ಎಂದು ಕಣ್ಣು ಮುಚ್ಚಿ ಕುಡಿದರು.

ತಿಂಗಳಾದ ಮೇಲೆ ಡಾಕ್ಟರರು ಪಟ್ಟಿ ಬಿಚ್ಚಿದರೆ ಗಾಯ ದೊಡ್ಡದಾಗಿತ್ತು. ನಾನು ಹೆಮ್ಮೆಯಿಂದ ನನ್ನ ಅಡಿಗೆಯ ಯಾದಿ ಓದಿದೆ. ಅವರು ಚಷ್ಮಾ ತೆಗೆದು ಒರೆಸಿಕೊಂಡರು.

"ಬಾಯಾರ, ಇವೆಲ್ಲಾ ಹೊಟ್ಟಿಯೊಳಗ ಹೋದ ಮ್ಯಾಲ ಸಕ್ಕರೀನ ರೀ! ನಿಮ್ಮ ಮನ್ಯಾಗ ಜ್ವಾಳ ಇಲ್ಲೇನು? ಮಡಕಿಕಾಳು ಇಲ್ಲೇನು? ಎರಡು ರೊಟ್ಟಿ, ಹೊಟ್ಟಿ ತುಂಬ ಪಲ್ಯ, ಹಸೀ ಸೊಪ್ಪು, ಮಜ್ಜಿಗಿ ಕೊಡ್ರಿ. ಮತ್ತ ಒಬ್ಬರಿಗೆ ಪಥ್ಯ, ಉಳಿದವರಿಗೆ ಹೋಳಿಗಿ ಮಾಡಬ್ಯಾಡ್ರಿ. ಮನೀಗೆಲ್ಲಾ ಒಂದ ಅಡಗಿ ಇರಲಿ."

ಮೂರು ತಲೆಮಾರಿನಿಂದ ಆ ಮನೆಯಲ್ಲಿ ಬಡಿಯುತ್ತಿದ್ದ ರೊಟ್ಟಿಯನ್ನು ಬಿಡಿಸಿ, ನಾನು ಕೈಯಾರೆ ಅವರಿಗೆ ಸಕ್ಕರೆ ತಿನ್ನಿಸಿದ್ದೆ! ಮೊದಲ ನಂಬರಿನ ನೋಟುಪುಸ್ತಕ ಒಲೆ ಹೊತ್ತಿಸಲು ಬಹಳ ಚೆನ್ನಾಗಿ ಒದಗಿತು.

ಇನ್ನು ಮನೆಗೆಲ್ಲ ಒಂದೇ ಅಡಿಗೆ. ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಅಗಸಿ ಹಿಂಡಿ ಎಂಬ ಚಟ್ನಿಪುಡಿ, ಸೌತೆಕಾಯಿ, ಹೊಲದ ಬದುವಿನಿಂದ ಕಿತ್ತು ತಂದ ಹಸಿ ಹಕ್ಕರಕಿ ಸೊಪ್ಪು. ಹಬ್ಬಕ್ಕೂ ಹೋಳಿಗೆಯಿಲ್ಲ. ಮೂರನೆಯ ದಿನ ನಮ್ಮ ಯಜಮಾನರು ತಾಟಿನಲ್ಲಿದ್ದ ಸೊಪ್ಪಿನ ಗುಡ್ಡ ನೋಡಿ, "ಊಟಕ್ಕ ಕರದೀಯೋ, ಮೇಯಾಕ ಬಿಟ್ಟೀಯೋ?" ಎಂದರು. ನಾನು ಆರೋಗ್ಯದ ಮೇಲೆ ಅರ್ಧ ತಾಸು ಭಾಷಣ ಮಾಡಿದೆ. ಓಣಿಯ ಹೆಣ್ಣುಮಕ್ಕಳಿಗೂ ಮಾಡಿದೆ. ಅವರು ಪಾಪ, ತಲೆಯಾಡಿಸಿದರು.

ಈಗ ಒಂದು ನಿಜ ಹೇಳಿಬಿಡುತ್ತೇನೆ. ನೆಲುವಿನ ಮೇಲೆ, ಹುರಿಗಡಲೆಯ ಡಬ್ಬಿಯ ಹಿಂದೆ, ಇನ್ನೊಂದು ಡಬ್ಬಿಯಿತ್ತು. ಅದರಲ್ಲಿ ತವರಿನಿಂದ ಬಂದ ಶೇಂಗಾ ಹೋಳಿಗೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಒಲೆಯ ಕಡೆ ಮುಖ ಮಾಡಿ ದಿನಕ್ಕೊಂದು ತಿನ್ನುತ್ತಿದ್ದೆ. ಒಂದೇ. ಒಮ್ಮೊಮ್ಮೆ ಎರಡು. ಒಂದು ದಿನ ಎರಡನೆಯದು ಪೂರ್ತಿ ಬಾಯಲ್ಲಿದ್ದಾಗ ಹಿಂದೆ ಕೆಮ್ಮಿದ ಸದ್ದಾಯಿತು. ತಿರುಗಿದರೆ ಬಾಗಿಲಲ್ಲಿ ಮಾವನವರು.

"ಯಾಕ ಯವ್ವಾ, ಗಲ್ಲ ಬಾತೇತಿ? ಹಲ್ಲ ಬ್ಯಾನೀನ?"

ನಾನು ಹೌದೆಂದು ಗೋಣು ಹಾಕಿದೆ.

"ಶೇಂಗಾದ ವಾಸನಿ ಬರೂ ಹಲ್ಲಬ್ಯಾನಿ ನಾ ಇದ ಮೊದಲ ನೋಡಿದ್ದು," ಎಂದು ನಗದೇ ಹೇಳಿ, ನೀರು ಕುಡಿದು ಹೋದರು. ಯಾರಿಗೂ ಹೇಳಲಿಲ್ಲ. ಅದರಿಂದ ನನಗೆ ಇನ್ನೂ ನಾಚಿಕೆಯಾಯಿತು.

ಡಾಕ್ಟರರು ಒಂದು ನೀಲಿ ಔಷಧ, ಒಂದು ಗಾಜಿನ ಕೊಳವೆ, ಒಂದು ಸ್ಪಿರಿಟ್ ದೀಪ ಕೊಟ್ಟಿದ್ದರು. ಮುಂಜಾನೆ ಮಾವನವರು ಸಣ್ಣ ಸೀಸೆಯಲ್ಲಿ ಮೂತ್ರ ಹಿಡಿದು ಕಟ್ಟೆಯ ಮೇಲಿಡಬೇಕು. ಅದರ ಎಂಟು ಹನಿ ನೀಲಿ ಔಷಧಕ್ಕೆ ಹಾಕಿ ಕಾಯಿಸಿದರೆ ಬಣ್ಣ ಹೇಳುತ್ತದೆ: ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ, ಹಸಿರಾದರೆ ಸ್ವಲ್ಪ, ಇಟ್ಟಂಗಿ ಬಣ್ಣವಾದರೆ ಕೇಡು. ಮೊದಲ ವಾರ ದಿನವೂ ಇಟ್ಟಂಗಿ. ಎರಡನೆಯ ವಾರದಿಂದ ಒಮ್ಮೆಲೇ ನೀಲಿ! ಮಳೆ ತೊಳೆದಿಟ್ಟ ಆಕಾಶದಂಥ ನೀಲಿ! ನಾನು ಕೊಳವೆಯನ್ನು ಕಿಟಕಿಗೆ ಹಿಡಿದು ಮನೆಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ. ತವರಿಗೆ ಕಾಗದ ಬರೆದೆ. ಓಣಿಯಲ್ಲಿ ಭಾಷಣ ಇನ್ನರ್ಧ ತಾಸು ಉದ್ದವಾಯಿತು. ಗಾಯ ಮಾತ್ರ ಇದ್ದ ಹಾಗೇ ಇತ್ತು.

ನೀಲಿ ಶುರುವಾದ ಹದಿನೈದನೆಯ ದಿನ ಹನಿ ಹಾಕುವಾಗ ಏನೋ ಪರಿಮಳ ಬಂತು. ಸೀಸೆ ಮೂಗಿನ ಹತ್ತಿರ ತಂದೆ. ಲಾವಂಚ! ನಮ್ಮ ಕುಡಿಯುವ ನೀರಿನ ಕೊಡದಲ್ಲಿ ಬೇಸಗೆಗೆಂದು ನಾನೇ ಹಾಕಿದ್ದ ಲಾವಂಚದ ಬೇರು! ಅರ್ಧ ತಿಂಗಳು ನಾನು ಕೊಡದ ನೀರನ್ನು ಕಾಯಿಸಿ, ಕೊಡಕ್ಕೆ ಸಕ್ಕರೆ ಕಾಯಿಲೆಯಿಲ್ಲ ಎಂದು ಊರಿಗೆಲ್ಲ ಡಂಗುರ ಸಾರಿದ್ದೆ.

"ಮಾವಾರ, ಇದರಾಗ ಲಾವಂಚದ ವಾಸನಿ ಐತ್ರಿ."

ಅವರು ಸ್ವಲ್ಪವೂ ಅಳುಕಲಿಲ್ಲ. "ನೀಲಿ ಬಣ್ಣ ಕಂಡ್ರ ನಿನ್ನ ಮಾರಿ ಅರಳತಿತ್ತು ಯವ್ವಾ. ಅದನ್ನ ಯಾಕ ಬಾಡಸೂದು ಅಂತ..."

ನನಗೆ ಒಮ್ಮೆಲೇ ಅಳು ಬಂತು. "ನನ್ನ ಮಾರಿ ಬಾಡಿದ್ರ ಮತ್ತ ಅರಳತೈತ್ರಿ. ಬೆರಳು ಹೋದ್ರ ಮತ್ತ ಬೆಳಿಯೂದಿಲ್ಲ."

ಮಾವನವರು ಪಟ್ಟಿ ಸುತ್ತಿದ ಕಾಲನ್ನು ನೋಡಿಕೊಂಡರು. ಆಮೇಲೆ ಹೇಳಿದರು: "ಮನ್ಯಾಗ ನೀ ಹೇಳಿದಾಂಗ ಆಗ್ಲಿ. ಕಂಡವರ ಮನಿ ಬೆಲ್ಲಾನೂ ಬಿಟ್ಟೆ. ಆದ್ರ ಲಗ್ನದ ಸಕ್ಕರಿ ಬಿಡಾಕಾಗೂದಿಲ್ಲ ಯವ್ವಾ. ನಾ ಬಾಯಿ ಮುಚ್ಚಿದ್ರ ಹುಡುಗೀಗೆ ಏನೋ ಊನ ಐತಿ ಅಂತಾರ."

ಅಂದಿನಿಂದ ಸೀಸೆಯಲ್ಲಿ ಲಾವಂಚವಿರಲಿಲ್ಲ. ಕೊಳವೆಯ ಬಣ್ಣ ಇಟ್ಟಂಗಿಯಿಂದ ಹಸಿರಿಗೆ ಬಂತು. ಅಷ್ಟರಲ್ಲಿ ಬಾಗೇವಾಡಿಯ ಒಂದು ಮಾತು ಗಟ್ಟಿಯಾಗುವ ದಿನ ಬಂತು. ತಾಯಿಯಿಲ್ಲದ ಹುಡುಗಿ, ಮೂರು ಸಲ ಮಾತು ಮುರಿದಿತ್ತು. ಮಾವನವರು ಎರಡು ವರ್ಷ ಅವಳಿಗಾಗಿ ಓಡಾಡಿದ್ದರು. ಕಾವಲಿಗೆ ನಾನೂ ಹೊರಟೆ, ರೊಟ್ಟಿಬುತ್ತಿ ಕಟ್ಟಿಕೊಂಡು.

ಮಾತು ಮುಗಿಯಿತು, ಸಕ್ಕರೆಯ ತಾಟು ಬಂತು. ಹುಡುಗಿಯ ಅಪ್ಪ ಮುಷ್ಟಿ ತುಂಬಿಕೊಂಡು ಮಾವನವರ ಬಾಯಿಯ ಹತ್ತಿರ ತಂದರು. ಮಾವನವರು ಬಾಯಿ ತೆರೆಯಲಿಲ್ಲ. ಗಂಡಿನ ಸೋದರತ್ತೆ ಪಕ್ಕದವರ ಕಡೆ ಬಾಗಿ, "ಯಾಕ, ಹಿರ್ಯಾರು ಬಾಯಿ ತೆಗೀವಲ್ರಲ್ಲ?" ಎಂದದ್ದು ಎಲ್ಲರಿಗೂ ಕೇಳಿಸಿತು. ಒಳಬಾಗಿಲಲ್ಲಿ ನಿಂತ ಹುಡುಗಿ ತನ್ನ ಬಳೆಗಳನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಸದ್ದಾಗಬಾರದೆಂದು. ತಿಂದುಬಿಡ್ರಿ ಮಾವಾರ ಎನ್ನುವ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು.

ಮಾವನವರು ಸಕ್ಕರೆಯನ್ನು ತಮ್ಮ ಅಂಗೈಗೆ ಸುರಿಸಿಕೊಂಡು ನನ್ನ ಕಡೆ ತಿರುಗಿದರು.

"ಯವ್ವಾ, ಬಾಯಿ ತೆಗಿ."

ಮಾವನ ಮುಂದೆ ಸೊಸೆ ತಲೆಯ ಮೇಲಿನ ಸೆರಗು ಸರಿಸದ ಕಾಲ ಅದು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

"ಇಕಿ ನನಗ ರೊಟ್ಟಿ ಬಡದು ಹಾಕಾಕಿ. ಇಕಿ ಬಾಯಿ ಅಂದ್ರ ನನ್ನ ಬಾಯಿ. ನನಗ ಸಕ್ಕರಿ ಬ್ಯಾನಿ ಐತ್ರೆಪಾ, ಹುಡುಗಿ ಬಂಗಾರದಂಥಾಕಿ," ಎಂದು ಎಲ್ಲರೆದುರು ಆ ಮುಷ್ಟಿಯನ್ನು ನನ್ನ ಬಾಯಿಗೆ ಹಾಕಿದರು. ಬಾಯಿ ಮುಚ್ಚಿ ಅಗಿಯಬೇಕೆಂಬ ಕಾನ್ವೆಂಟಿನ ನಡತೆ ಒಂದು ಮುಷ್ಟಿ ಸಕ್ಕರೆಯ ಮುಂದೆ ನಡೆಯುತ್ತದೆಯೇ? ಅರ್ಧ ಸೆರಗಿಗೆ, ಅರ್ಧ ಮೂಗಿಗೆ! ಮೊದಲು ನಕ್ಕವರು ಆ ಸೋದರತ್ತೆಯೇ. ಮಾತು ಗಟ್ಟಿಯಾಯಿತು.

ಹೊಸ ಜೋಳ ಬರುವ ಹೊತ್ತಿಗೆ ಗಾಯ ಮಾಯಿತು, ಬೆರಳು ಉಳಿಯಿತು. ಮುಂದೆ ಅವರು ಕೂಡಿಸಿದ ಲಗ್ನಗಳೆಲ್ಲ ನನ್ನ ಸೊಂಟಕ್ಕೆ ಬಂದು ಸೇರಿದವು. ರವಿಕೆಗಳನ್ನು ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ದಿನ ಬಾಗೇವಾಡಿಯಿಂದ ತಿರುಗಿ ಬಂದ ಬಸ್ಸು. ಮಾವನವರು ಪಕ್ಕದವರ ಹೆಸರು ಕೇಳಲಿಲ್ಲ, ಯಾರ ಲಗ್ನದ ಸುದ್ದಿಯನ್ನೂ ತೆಗೆಯಲಿಲ್ಲ. ಕೊಡೆಯ ಹಿಡಿಕೆಯ ಮೇಲೆ ಗದ್ದ ಊರಿ ಹೊರಗೆ ನೋಡುತ್ತ ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ, ನನ್ನ ಕಡೆ ತಿರುಗದೆಯೇ, ಮೆಲ್ಲಗೆ ಕೇಳಿದರು.

"ಹೆಂಗಿತ್ತು ಯವ್ವಾ?"

"ಏನ್ರಿ, ಮಾವಾರ?"

"ಸಕ್ಕರಿ."

"ಭಾಳ ಸಿಹಿ ಇತ್ರಿ."

ಅವರು ಕಣ್ಣು ಮುಚ್ಚಿದರು. ಅವರ ಗಂಟಲು ಒಂದು ಸಲ ಮೇಲೇರಿ ಇಳಿಯಿತು.