ನಾಲ್ಕು ಖಾಲಿ ಪೆಟ್ಟಿಗೆಗಳು

ದಸರಾ ಮುಗಿದು ವಾರವಾದರೂ ಉಷಾ ಆಂಟಿಯ ಮನೆಯ ಗೊಂಬೆಗಳು ಮೆಟ್ಟಿಲಿನಿಂದ ಇಳಿದಿರಲಿಲ್ಲ. ಅವುಗಳನ್ನು ತುಂಬಿಡುವ ರಟ್ಟಿನ ಪೆಟ್ಟಿಗೆಗಳನ್ನು ಗರಾಜಿನ ಇಲಿಗಳು ತಿಂದು ಮುಗಿಸಿದ್ದವು. ಆ ಶನಿವಾರ ಇಂದ್ರೇಶನಿಗೆ ಆದ ಗತಿಗೆ ಮೊದಲ ಹೊಣೆ ಈ ಇಲಿಗಳದ್ದು.

ಇಂದ್ರೇಶ ಕುಣಿಗಲ್ ಕಡೆಯವನು. ವಯಸ್ಸು ಮೂವತ್ತನಾಲ್ಕು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಕೈಯಲ್ಲಿ ಆಸ್ಟ್ರೇಲಿಯಾದಲ್ಲಿ ಕಾಯಂ ವಾಸಕ್ಕೆ ಪಿಆರ್, ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಉಷಾ ಆಂಟಿಯ ಹಿತ್ತಲಿನಲ್ಲಿ ಕಟ್ಟಿದ ಪುಟ್ಟ ಮನೆ, ಗ್ರ್ಯಾನಿ ಫ್ಲ್ಯಾಟ್‌ನಲ್ಲಿ ವಾಸ. ಆಂಟಿಯ ಗಂಡ ಮೆಲ್ಬರ್ನ್‌ನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಬಲ್ಬು ಬದಲಾಯಿಸುವುದರಿಂದ ಹಿಡಿದು ಹುಲ್ಲು ಕತ್ತರಿಸುವವರೆಗೆ ಎಲ್ಲಕ್ಕೂ ಇಂದ್ರೇಶನೇ. ಅಂದು ಬೆಳಿಗ್ಗೆ ಅವನು ದೋಸೆಯ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಆಂಟಿ ಬಾಗಿಲಿಗೆ ಬಂದರು.

"ಇಂದ್ರೇಶ, ಸ್ಟೇಷನ್ ಹತ್ರ ಬಾಟಲ್ ಶಾಪ್ ಇದೆಯಲ್ಲ, ಅಲ್ಲಿ ಖಾಲಿ ಬಾಕ್ಸ್ ಸುಮ್ನೆ ಕೊಡ್ತಾರಂತೆ. ಒಳಗಡೆ ಹನ್ನೆರಡು ಖಾನೆ ಇರತ್ತೆ ಕಣೋ. ಖಾನೆಗೊಂದು ಗೊಂಬೆ. ದಶಾವತಾರ ಪೂರ್ತಿ ಕೂತು ಇನ್ನೂ ಎರಡು ಮಿಗತ್ತೆ!"

"ಆಂಟಿ, ಅದು ಹೆಂಡದಂಗಡಿ."

"ನಿನ್ನನ್ನೇನು ಕುಡಿದು ಬಾ ಅಂದ್ನಾ? ಬಾಕ್ಸ್ ತಗೊಂಡು ಬಾ. ಆದ್ರೆ ಒಂದು ಮಾತು. ನನ್ನ ಗೊಂಬೆಗೆ ಅಂತ ಯಾರ ಹತ್ರಾನೂ ಬಾಯಿ ಬಿಡಬೇಡ. ದೇವರ ಗೊಂಬೆನ ಬ್ರಾಂದಿ ಡಬ್ಬದಲ್ಲಿ ಮಲಗಿಸ್ತಾಳೆ ಅಂತ ಗೊತ್ತಾದ್ರೆ, ಮುಂದಿನ ವರ್ಷ ಅರಿಶಿನ ಕುಂಕುಮಕ್ಕೆ ಒಬ್ರೂ ಬರಲ್ಲ. ಆಣೆ ಮಾಡು."

ಇಂದ್ರೇಶ ಆಣೆ ಮಾಡಿದ. ಆಂಟಿಗೆ ಇಲ್ಲವೆನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ, ಏಕೆಂದರೆ ಅವನ ಮದುವೆಯ ಮಾತು ಅವರ ಕೈಯಲ್ಲಿತ್ತು. ಹುಡುಗಿ ಪ್ರಾರ್ಥನಾ, ಮೈಸೂರಿನವಳು, ಸಿಡ್ನಿಯಲ್ಲೇ ಯಾವುದೋ ಫ್ಯಾಕ್ಟರಿಯ ಲ್ಯಾಬ್‌ನಲ್ಲಿ ಕೆಲಸ. ಗಣೇಶನ ಹಬ್ಬದ ಊಟದಲ್ಲಿ ಅವಳು ಇವನ ತಟ್ಟೆಗೆ ಕೋಸಂಬರಿ ಬಡಿಸಿ ಒಮ್ಮೆ ನಕ್ಕಿದ್ದಳು. ಅಂದಿನಿಂದ ಇಂದ್ರೇಶನಿಗೆ ನಿದ್ದೆ ನೆಟ್ಟಗಿರಲಿಲ್ಲ. ಅವಳ ತಂದೆ ಹಿರಿಯಣ್ಣನವರು ಮೈಸೂರಿನಿಂದ ಬಂದು ಹತ್ತಿರದ ಕೆಲ್ಲಿವಿಲ್‌ನ ತಂಗಿಯ ಮನೆಯಲ್ಲಿ ಇಳಿದುಕೊಂಡಿದ್ದರು. ಉಷಾ ಆಂಟಿ ಫೋನ್ ಮಾಡಿ ಸಂಬಂಧ ಪ್ರಸ್ತಾಪಿಸಿದಾಗ ಅವರು ಜಾತಕ ಕೇಳಲಿಲ್ಲ, ಸಂಬಳ ಕೇಳಲಿಲ್ಲ. ಮೊದಲ ಪ್ರಶ್ನೆಯೇ, "ಹುಡುಗ ಕುಡೀತಾನಾ?"

"ಒಂದು ತೊಟ್ಟೂ ಇಲ್ಲ! ಬಾಟ್ಲಿ ಕಂಡ್ರೆ ರಸ್ತೆ ದಾಟಿ ಆಚೆ ಹೋಗ್ತಾನೆ ಅಂದೆ. ಎರಡು ನಿಮಿಷ ಮಾತೇ ಆಡಲಿಲ್ಲ ಕಣೋ ಮನುಷ್ಯ. ಸಂತೋಷಕ್ಕೆ ಗಂಟಲು ಕಟ್ಟಿತ್ತು," ಎಂದು ಆಂಟಿ ವರದಿ ಒಪ್ಪಿಸಿದ್ದರು. ಅದಾಗಿ ಮೂರು ವಾರ. ಕೆಲ್ಲಿವಿಲ್‌ನಿಂದ ಫೋನಿಲ್ಲ, ಮೆಸೇಜಿಲ್ಲ.

ಬಾಟಲ್ ಶಾಪಿನ ಒಳಗೆ ಕಾಲಿಟ್ಟ ಇಂದ್ರೇಶ ಬೆಚ್ಚಿಬಿದ್ದ. ಒಂದು ಗೋಡೆ ಪೂರ್ತಿ ಗಾಜಿನ ಫ್ರಿಜ್ಜುಗಳು, ಅವುಗಳ ತುಂಬ ಬಿಯರ್. ಮಾವಿನಹಣ್ಣಿನ ಬಿಯರ್, ಕಾಫಿ ಬಿಯರ್, ಉಪ್ಪು ಹಾಕಿದ ಬಿಯರ್. ಇಷ್ಟು ಬಗೆ ಅವನು ಸಂಬಂಧಿಕರ ಮದುವೆಗೆಂದು ಹೋದ ಸೀರೆ ಅಂಗಡಿಯಲ್ಲೂ ಕಂಡಿರಲಿಲ್ಲ. ಅಂಗಡಿಯ ಮಾಲೀಕ ಟ್ರೆವರ್, ಕೆಂಪು ಗಡ್ಡದ ಆಜಾನುಬಾಹು, ಬೀಗರನ್ನು ಕಂಡವನಂತೆ ಓಡಿ ಬಂದ.

"ಏನು ಬೇಕು ಮೇಟ್? ಇನ್ನೂರು ಬಗೆ ಇದೆ. ಇಡೀ ಪಶ್ಚಿಮ ಸಿಡ್ನಿಯಲ್ಲಿ ಇಂಥ ಸಂಗ್ರಹ ಇನ್ನೊಂದಿಲ್ಲ!"

"ಖಾಲಿ ಬಾಕ್ಸ್ ಇದ್ದರೆ ನಾಲ್ಕು ಕೊಡಿ," ಎಂದ ಇಂದ್ರೇಶ.

ಟ್ರೆವರ್‌ನ ಮುಖ ಬಾಡಿತು. ಆದರೂ ಛಲ ಬಿಡದೆ, ಅಂದು ಬೆಳಿಗ್ಗೆಯಷ್ಟೇ ಜೋಡಿಸಿಟ್ಟಿದ್ದ ದೊಡ್ಡ ಬಾಟಲಿಗಳ ಸಾಲಿನಿಂದ ಒಂದನ್ನು ತೆಗೆದ. ಲೇಬಲ್ಲಿನ ಮೇಲೆ ಕನ್ನಡಕ ಹಾಕಿದ ಬಿಳಿ ಕಾಕಟೂ ಗಿಣಿ. "ಇದು ಹೊಸದು. ಹುಣಸೆಹಣ್ಣು, ಕರಿಮೆಣಸು ಹಾಕಿ ಮಾಡಿದ್ದು. ನಿಮ್ಮ ಇಂಡಿಯಾ ಕಡೆಯವರದೇ ಕೈ. ಒಂದು ಗುಟುಕು ರುಚಿ ನೋಡು," ಎಂದು ಪುಟ್ಟ ಲೋಟಕ್ಕೆ ಬಗ್ಗಿಸಿ ಮೂಗಿನ ಹತ್ತಿರ ಹಿಡಿದ.

ಇಂದ್ರೇಶನಿಗೆ ಗಾಬರಿಯಾದಾಗ ತಮಾಷೆ ಮಾಡುವ ಕೆಟ್ಟ ಅಭ್ಯಾಸವಿತ್ತು. ಅವನ ತಮಾಷೆಗಳು ಯಾವತ್ತೂ ಚೆನ್ನಾಗಿರುತ್ತಿರಲಿಲ್ಲ. ಒಮ್ಮೆ ಮೂಸಿ ನೋಡಿ, "ಕಾರು ತೊಳೆಯೋಕೆ ಆಗಬಹುದು," ಎಂದುಬಿಟ್ಟ. ಟ್ರೆವರ್ ನಗಲಿಲ್ಲ. ಒಳಗೆ ಹೋಗಿ, ಆ ಬಾಟಲಿಗಳದ್ದೇ, ಗಿಣಿಯ ಚಿತ್ರವಿದ್ದ ನಾಲ್ಕು ಖಾಲಿ ಪೆಟ್ಟಿಗೆ ತಂದು ಕೈಗಿಟ್ಟ.

ನಾಲ್ಕನ್ನೂ ಒಂದರ ಮೇಲೊಂದು ಪೇರಿಸಿ, ಗದ್ದದಿಂದ ಒತ್ತಿ ಹಿಡಿದು ಇಂದ್ರೇಶ ಹೊರಬಂದ. ರಸ್ತೆಯಾಚೆ, ಉಷಾ ಆಂಟಿಯ ಎದುರುಮನೆಯ ಗೋಪೀನಾಥ ನಿಂತಿದ್ದ. ಕ್ವೇಕರ್ಸ್ ಹಿಲ್ ಕನ್ನಡಿಗರ ವಾಟ್ಸಾಪ್ ಗುಂಪು ನಡೆಸುವ ಮಹಾನುಭಾವ. ಅವನು ಕೈ ಎತ್ತಿದ. ನಮಸ್ಕಾರಕ್ಕೆಂದು ಇಂದ್ರೇಶ ಭಾವಿಸಿದ. ಆ ಕೈಯಲ್ಲಿ ಫೋನಿತ್ತು.

ಮನೆ ತಲುಪುವ ಮೊದಲೇ ಗುಂಪಿನಲ್ಲಿ ಫೋಟೊ ಬಂದಿತ್ತು. ಕೆಳಗೆ ಒಂದು ಸಾಲು: "ಇಂದ್ರೇಶಣ್ಣ ನಾಲ್ಕು ಕೇಸ್ ಒಟ್ಟಿಗೇ! ಬೆಳಿಗ್ಗೆ ಹತ್ತಕ್ಕೇ! ನಮಗೇಕೆ ಕರೆದಿಲ್ಲ?"

"ಅದು ಖಾಲಿ ಬಾಕ್ಸ್" ಎಂದು ಇಂದ್ರೇಶ ಬರೆದ. "ಇಷ್ಟು ಬೇಗ ಖಾಲಿನಾ?" ಎಂದು ಉತ್ತರ ಬಂತು. ಮನೆ ಸಾಮಾನಿಗೆ ಎಂದು ಬರೆದ. "ಮನೆ ಬಿಡಿಸ್ತಿದ್ದಾರಾ? ಕುಡಿದು ಗಲಾಟೆ ಮಾಡಿದ್ರಾ?" ಎಂದು ಯಾರೋ ಕನಿಕರಪಟ್ಟರು. ಒಬ್ಬರು ಕುಡಿತ ಬಿಡಿಸುವ ಯೋಗ ಶಿಬಿರದ ವಿವರ ಕಳಿಸಿದರು. ಮೂವರು ಖಾಸಗಿಯಾಗಿ, ಸಂಜೆ ಎಷ್ಟು ಗಂಟೆಗೆ ಬರಬೇಕೆಂದು ಕೇಳಿದರು. ಅರ್ಧ ಗಂಟೆಯಲ್ಲಿ ಫೋಟೊ ಕೈಯಿಂದ ಕೈಗೆ ದಾಟಿ ಕುಣಿಗಲ್ ಮುಟ್ಟಿತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಇಂದ್ರೇಶನ ತಾಯಿ ಚನ್ನಕ್ಕ ಮುಖ ತೊಳೆಯುವ ಮೊದಲೇ ಫೋನ್ ಮಾಡಿದರು.

"ನಾಕು ಪೆಟ್ಗೆ ಏನ್ಲಾ ಮಗ? ಒಂದ್ ಸೀಸೆ ಅಂದಿದ್ರೆ ಹೋಗ್ಲಿ ಬುಡು, ಚಳಿ ದೇಸ ಅಂತಿದ್ದೆ. ನಾಕು ಪೆಟ್ಗೆಯ!"

"ಅವ್ವ, ದೇವ್ರಾಣೆ ಖಾಲಿ ಪೆಟ್ಗೆ ಅವು."

"ನಿಮ್ಮ ಸೋದರಮಾವನೂ ಹಿಂಗೇ ಆಣೆ ಇಕ್ತಿದ್ದ," ಎಂದು ಚನ್ನಕ್ಕ ಮೂಗೊರೆಸಿಕೊಂಡು ಫೋನಿಟ್ಟರು.

ಇಂದ್ರೇಶ ಉಷಾ ಆಂಟಿಯ ಮುಂದೆ ಹೋಗಿ ಕೈ ಮುಗಿದು ನಿಂತ. "ಆಂಟಿ, ಗುಂಪಿಗೆ ಒಂದೇ ಒಂದು ಮೆಸೇಜ್ ಹಾಕಿ. ಗೊಂಬೆಗೆ ನಾನೇ ತರಿಸಿದ್ದು ಅಂತ."

ಆಂಟಿ ಆಗಲೇ ಬಾಗಿಲು ಹಾಕಿಕೊಂಡು ಪಟ್ಟದ ರಾಣಿಯನ್ನು ಕಾಕಟೂ ಗಿಣಿಯ ಪೆಟ್ಟಿಗೆಯೊಳಗೆ ಇಳಿಸುತ್ತಿದ್ದರು. "ಆಣೆ ಮಾಡಿದ್ದೀಯ," ಎಂದರು. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಮಾತಾಡುತ್ತ ಅವರ ಮುಖ ಬಿಳಿಚಿತು. ಫೋನಿಟ್ಟು ಸೋಫಾ ಮೇಲೆ ಕುಸಿದರು.

"ಹಿರಿಯಣ್ಣನವರು. ಮೂರು ವಾರ ಉಸಿರೆತ್ತದೋರು ಈಗ ಮಗಳನ್ನ ಕರ್ಕೊಂಡು ನಾಲ್ಕು ಗಂಟೆಗೆ ಬರ್ತಾರಂತೆ. ಫೋಟೊ ನೋಡಿದ್ವಿ, ಹುಡುಗನ್ನ ಇವತ್ತೇ ನೋಡಬೇಕು ಅಂದ್ರು. ಮುಗೀತು. ಮನೆಗೇ ಬಂದು ಉಗೀತಾರೆ. ನಿನ್ನ ಜೊತೆ ನನಗೂ!"

ಇಂದ್ರೇಶನ ಕಣ್ಣಮುಂದೆ ಕೋಸಂಬರಿ ಬಡಿಸಿದ ಕೈ ಬಂತು. ಜೀವನದಲ್ಲಿ ಒಂದು ತೊಟ್ಟು ಕುಡಿಯದೆ ಕುಡುಕನೆನಿಸಿಕೊಂಡು ಅವಳನ್ನು ಕಳೆದುಕೊಳ್ಳುವುದೆಂದರೆ ಅವನಿಗೆ ಅಳುವೇ ಬಂತು. ಆದರೆ ಅವನು ಟೆಸ್ಟಿಂಗ್‌ನವನು. ಯಾವ ಮಾತಿಗೂ ಬರವಣಿಗೆಯಲ್ಲಿ ಸಾಕ್ಷಿ ಬೇಕು ಎಂಬುದು ಅವನ ಉಸಿರಿನಲ್ಲೇ ಇತ್ತು. ವೀಸಾ ಸಿಕ್ಕಿದ್ದು ಸರ್ಟಿಫಿಕೇಟಿನಿಂದ, ಕೆಲಸ ಸಿಕ್ಕಿದ್ದು ಸರ್ಟಿಫಿಕೇಟಿನಿಂದ, ಪಿಆರ್ ಸಿಕ್ಕಿದ್ದು ಹದಿನೇಳು ಸರ್ಟಿಫಿಕೇಟಿನಿಂದ. ಹೆಂಡತಿ ಮಾತ್ರ ಬೇರೆ ದಾರಿಯಲ್ಲಿ ಸಿಗುತ್ತಾಳೆಯೇ? ಅವನು ಕಾರಿನ ಕೀ ಹಿಡಿದು ಓಡಿದ.

"ನನಗೊಂದು ಪತ್ರ ಬೇಕು," ಎಂದ ಟ್ರೆವರ್‌ನ ಮುಂದೆ ಏದುಸಿರು ಬಿಡುತ್ತ. "ಇವನು ನನ್ನ ಅಂಗಡಿಯಲ್ಲಿ ಮದ್ಯ ಕೊಂಡಿಲ್ಲ, ಕುಡಿದಿಲ್ಲ ಅಂತ. ಸಹಿ, ಮೊಹರು ಎರಡೂ ಇರಬೇಕು."

ಟ್ರೆವರ್ ದಂಗಾಗಿ ಇವನನ್ನೇ ನೋಡಿದ. "ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದ್ದೇನೆ ಮೇಟ್. ಕುಡಿದಿಲ್ಲ ಅಂತ ಸರ್ಟಿಫಿಕೇಟ್ ಕೇಳಿದವನು ನೀನೇ ಮೊದಲು. ಏನೇನು ನಡೆಯಿತೋ ಎಲ್ಲ ಬರೆಯಲೇ?"

"ಎಲ್ಲ ಬರೆಯಿರಿ. ಎಷ್ಟು ವಿವರವಾಗಿದ್ದರೆ ಅಷ್ಟು ಒಳ್ಳೆಯದು!"

ಟ್ರೆವರ್ ಕನ್ನಡಕ ಏರಿಸಿ ಹತ್ತು ನಿಮಿಷ ಬರೆದ. ಅಂಗಡಿಯ ಮೊಹರು ಒತ್ತಿದ. ಓದಿ ನೋಡು ಎಂದು ಮುಂದೆ ಚಾಚಿದಾಗ ಇಂದ್ರೇಶ ಕಿವಿ ಮುಟ್ಟಿಕೊಂಡ. ಯೂನಿವರ್ಸಿಟಿಯ ಮಾರ್ಕ್ಸ್‌ಕಾರ್ಡಿನಂತೆ, ಮುಚ್ಚಿದ ಲಕೋಟೆಗೆ ಇರುವ ಬೆಲೆ ತೆರೆದದ್ದಕ್ಕಿಲ್ಲ. ಅವನೇ ತಿದ್ದಿದ ಎಂದು ಯಾರೂ ಅನ್ನಬಾರದು. ಅಲ್ಲೇ ಅಂಟಿಸಿ, ಅಂಟಿಸಿದ ಜಾಗದ ಮೇಲೆ ಇನ್ನೊಂದು ಸಹಿ ಹಾಕಿಸಿಕೊಂಡು ಬಂದ.

ನಾಲ್ಕಕ್ಕೆ ಸರಿಯಾಗಿ ಹಿರಿಯಣ್ಣನವರು ಮಗಳೊಂದಿಗೆ ಬಂದರು. ಆಂಟಿ ಬೈಗುಳಕ್ಕೆ ಸಿದ್ಧರಾಗಿ ತಲೆ ತಗ್ಗಿಸಿ ನಿಂತಿದ್ದರು. ಆದರೆ ಹಿರಿಯಣ್ಣನವರ ಮುಖದಲ್ಲಿ ನಗೆಯಿತ್ತು. "ಕೂತ್ಕೊಳ್ಳಪ್ಪ, ನಿಂತೇ ಇದ್ದೀಯಲ್ಲ," ಎಂದು ಇಂದ್ರೇಶನ ಭುಜ ತಟ್ಟಿದರು. ಪ್ರಾರ್ಥನಾ ಕೈಯಲ್ಲಿ ಒಂದು ಬಟ್ಟೆಚೀಲ ಹಿಡಿದು, ಇವನತ್ತ ನೋಡಿ ಮತ್ತೆ ಅದೇ ನಗು ನಕ್ಕಳು. ಬಿರುಗಾಳಿಗೆ ಮುಂಚಿನ ಶಾಂತಿ ಎಂದುಕೊಂಡ ಇಂದ್ರೇಶ.

"ಫೋಟೊ ವಿಷಯ ಮಾತಾಡೋಣ ಅಂತ..." ಎಂದು ಹಿರಿಯಣ್ಣನವರು ಬಾಯಿ ತೆರೆದರು.

"ಅಂಕಲ್, ನೀವು ಏನೂ ಹೇಳೋಕೆ ಮೊದಲು ಇದನ್ನ ನೋಡಿಬಿಡಿ," ಎಂದು ಇಂದ್ರೇಶ ಎರಡೂ ಕೈಯಲ್ಲಿ ಲಕೋಟೆ ಒಪ್ಪಿಸಿದ. "ಸೀಲ್ ಒಡೆದಿಲ್ಲ, ಚೆಕ್ ಮಾಡ್ಕೊಳ್ಳಿ."

ಹಿರಿಯಣ್ಣನವರು ಕನ್ನಡಕ ಮರೆತಿದ್ದರು. ಲಕೋಟೆ ಮಗಳ ಕೈಗೆ ಹೋಯಿತು. ಅವಳು ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ಗಟ್ಟಿಯಾಗಿ ಓದಿದಳು.

"ಸಂಬಂಧಪಟ್ಟವರಿಗೆ. ಈ ವ್ಯಕ್ತಿ ಇಂದು ಎರಡು ಸಲ ನನ್ನ ಅಂಗಡಿಗೆ ಬಂದ. ಇನ್ನೂರು ಬಗೆ ಬಿಯರ್ ಮುಂದೆ ನಿಂತು ಒಂದನ್ನೂ ಕೊಳ್ಳಲಿಲ್ಲ. ಖಾಲಿ ಪೆಟ್ಟಿಗೆ ಮಾತ್ರ ಒಯ್ದ."

ಇಂದ್ರೇಶ ಎದೆಯುಬ್ಬಿಸಿ ಕುಳಿತ. ಪ್ರಾರ್ಥನಾಳ ನಗು ಯಾಕೋ ಸ್ವಲ್ಪ ಇಳಿದಿತ್ತು.

"ಕನ್ನಡಕದ ಕಾಕಟೂ ಲೇಬಲ್ಲಿನ ಹುಣಸೆಹಣ್ಣಿನ ಬಿಯರ್ ಕೊಟ್ಟೆ. ಈ ವರ್ಷ ನಾನು ರುಚಿ ನೋಡಿದವುಗಳಲ್ಲಿ ಅದೇ ಅತ್ಯುತ್ತಮ. ಇವನು ಅದನ್ನು ಮೂಸಿ ನೋಡಿ..." ಅವಳು ನಿಲ್ಲಿಸಿದಳು. ಮುಂದಿನ ಸಾಲನ್ನು ನಿಧಾನವಾಗಿ ಓದಿದಳು. "ಕಾರು ತೊಳೆಯೋಕೆ ಆಗಬಹುದು ಅಂದ."

ಒಳಗೆ ಕುಕ್ಕರ್ ಒಂದು ಸೀಟಿ ಹಾಕಿತು.

"ನೋಡಿದ್ರಾ? ಮೂಸಿದ್ದು ಅಷ್ಟೇ, ನಾಲಿಗೆಗೂ ತಾಗಿಸಿಲ್ಲ ಹುಡುಗ!" ಎಂದು ಉಷಾ ಆಂಟಿ ಹಿಗ್ಗಿದರು.

ಹಿರಿಯಣ್ಣನವರ ಮುಖದ ನಗೆ ಆರಿಹೋಗಿತ್ತು. "ಆ ಬಿಯರ್ ಮಾಡಿದ್ದು ಇವಳೇ ಕಣಮ್ಮ," ಎಂದರು.

ಇಂದ್ರೇಶನಿಗೆ ಕೂತ ಸೋಫಾ ಕೆಳಗಿಳಿದಂತಾಯಿತು.

"ಬಿಯರ್ ಕಂಪನಿ ಲ್ಯಾಬ್ ಅಂತ ಹೇಳಿದ ತಕ್ಷಣ ಮೂರು ಗಂಡುಗಳು ಎದ್ದು ಹೋದ್ವು," ಎಂದು ಹಿರಿಯಣ್ಣನವರು ನಿಧಾನವಾಗಿ ಹೇಳಿದರು. "ಅದಕ್ಕೇ ಈ ಸಲ ಮೊದ್ಲೇ ಕೇಳಿದ್ದು, ಕುಡೀತಾನಾ ಅಂತ. ತೊಟ್ಟೂ ಮುಟ್ಟಲ್ಲ ಅಂದ್ರಿ. ಇವನೂ ಓಡ್ತಾನೆ ಅಂತ ಸುಮ್ಮನಾದ್ವಿ. ಇವತ್ತು ಫೋಟೊ ನೋಡಿ ಇವಳು ಮನೆಯೆಲ್ಲ ಕುಣಿದಾಡಿಬಿಟ್ಳು. ಅಪ್ಪ, ನನ್ನ ಬಿಯರ್ ನಾಲ್ಕು ಕೇಸ್ ತಗೊಂಡಿದ್ದಾರೆ, ಈಗಲೇ ಹೋಗೋಣ ನಡಿ ಅಂತ."

"ಅಂಕಲ್, ಅದು ತಮಾಷೆಗೆ ಅಂದಿದ್ದು..." ಇಂದ್ರೇಶ ಕೈ ಮುಗಿದ. "ನಾನು ಬೇಕಾದ್ರೆ ಕುಡೀತೀನಿ. ಈಗಲೇ ಕುಡೀತೀನಿ!"

"ನಾನೂ ಕುಡಿಯೋನಲ್ಲಪ್ಪ. ನೀನು ಕುಡಿಯದೆ ಇದ್ರೆ ಏನೂ ತಕರಾರಿರಲಿಲ್ಲ," ಎಂದು ಹಿರಿಯಣ್ಣನವರು ಎದ್ದರು. "ಆದ್ರೆ ಮಗಳು ಎಂಟು ತಿಂಗಳು ಕಷ್ಟಪಟ್ಟು ಮಾಡಿದ್ದನ್ನ ಕಾರು ತೊಳೆಯೋಕೆ ಅಂದದ್ದಕ್ಕೆ ಸೀಲ್ ಹಾಕಿಸ್ಕೊಂಡು ಬಂದು ಕೈಗೆ ಕೊಟ್ಟೆಯಲ್ಲ."

ಇಂದ್ರೇಶ ಅವರ ಹಿಂದೆಯೇ ಬೀದಿಯವರೆಗೆ ಓಡಿದ. ಕಾರು ಹತ್ತುವ ಮೊದಲು ಪ್ರಾರ್ಥನಾ ಬಟ್ಟೆಚೀಲದಿಂದ ಒಂದು ದೊಡ್ಡ ಬಾಟಲಿ ತೆಗೆದಳು. ಹೊಸ ಬ್ಯಾಚಿನದು. ಅವನಿಗೆಂದೇ ತಂದದ್ದು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಇಟ್ಕೊಳ್ಳಿ," ಎಂದಳು. ಡ್ರೈವ್‌ವೇಯಲ್ಲಿ ನಿಂತಿದ್ದ ಅವನ ಕಾರಿನತ್ತ ಒಮ್ಮೆ ನೋಡಿದಳು. "ಧೂಳು ತುಂಬಾ ಇದೆ."

ಕಾರು ತಿರುವಿನಲ್ಲಿ ಮರೆಯಾಯಿತು. ಇಂದ್ರೇಶ ಬಾಟಲಿಯನ್ನು ಎದೆಗೊತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಡುರಸ್ತೆಯಲ್ಲಿ ನಿಂತಿದ್ದ. ಎದುರುಮನೆಯ ಗೇಟಿನಲ್ಲಿ ಗೋಪೀನಾಥ ಕೈ ಎತ್ತಿದ.

ಐದು ನಿಮಿಷಕ್ಕೆ ಗುಂಪಿನಲ್ಲಿ ಹೊಸ ಫೋಟೊ ಬಂತು. "ಬಿಯರ್ ದೆಸೆಯಿಂದ ಬಂದ ಸಂಬಂಧ ತಪ್ಪಿಹೋಯಿತಂತೆ, ಪಾಪ." ಇಂದ್ರೇಶ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಅದನ್ನು ಮೂರು ಸಲ ಓದಿದ. ತಪ್ಪು ಹುಡುಕುವುದೇ ಅವನ ಕಸುಬು. ಆ ಸಾಲಿನಲ್ಲಿ ಅವನಿಗೆ ಒಂದೂ ಸಿಗಲಿಲ್ಲ.