ಮೇಷ್ಟ್ರ ಹೊಸ ರುಜು

ಹಿನಕಲ್ಲಿನಲ್ಲಿ ಯಾರೋ ಇನ್ನೊಬ್ಬರ ರುಜು ನಕಲು ಮಾಡಿ ಬ್ಯಾಂಕಿನಿಂದ ಮುನ್ನೂರು ರೂಪಾಯಿ ಹಾರಿಸಿದರಂತೆ! ಕ್ಷೌರದಂಗಡಿಯಲ್ಲಿ ಈ ಸುದ್ದಿ ಕಿವಿಗೆ ಬಿದ್ದಾಗ ನಜರ್‌ಬಾದಿನ ನಿವೃತ್ತ ಮೇಷ್ಟ್ರು ಶಿವಮಲ್ಲಪ್ಪನವರ ಅರ್ಧ ಗಡ್ಡ ಮಾತ್ರ ಹೋಗಿತ್ತು. ಉಳಿದರ್ಧವನ್ನು ಹೊತ್ತುಕೊಂಡೇ ಮನೆಗೆ ಧಾವಿಸಿದರು.

ಗಾಬರಿಗೆ ಕಾರಣವಿತ್ತು. ಇಪ್ಪತ್ತೆಂಟು ವರ್ಷ ಅವರು ಹುಡುಗರ ಅಕ್ಷರ ತಿದ್ದಿದವರು. ಗುಡಿಸು, ಒತ್ತು ಎಲ್ಲವೂ ಒಂದೇ ಕಡೆ ಸಿಗುತ್ತವೆಂದು ‘ಶಿವಮಲ್ಲಪ್ಪ’ ಎಂಬ ತಮ್ಮ ಹೆಸರನ್ನೇ ಪ್ರತಿಯೊಬ್ಬನಿಂದಲೂ ನೂರು ಸಲ ಬರೆಸಿದ್ದರು. ತಮ್ಮಂತೆಯೇ ಬರೆಯುವ ತನಕ ಬಿಟ್ಟವರಲ್ಲ.

“ಇವಳೇ, ಈ ಊರಲ್ಲಿ ನನ್ನ ರುಜು ಹಾಕೋರು ಎರಡು ಸಾವಿರ ಜನ ಇದ್ದಾರೆ ಕಣೇ! ನಾನೇ ಬೆತ್ತ ಹಿಡಿದು ತಯಾರು ಮಾಡ್ಬುಟ್ಟಿದ್ದೀನಿ!”

ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಪುಟ್ಟಬಸಮ್ಮ ತಲೆಯೆತ್ತಿದರು. “ಈ ಅರ್ಧ ಗಡ್ಡದಲ್ಲಿ ನಾನೇ ನಿಮ್ಮ ಗುರುತು ಹಿಡಿಯೋದು ಕಷ್ಟ. ಮೊದಲು ಅದನ್ನ ಮುಗಿಸ್ಕೊಂಡು ಬನ್ನಿ.”

“ತಮಾಷೆಯಲ್ಲ. ನಿನ್ನ ಹೊಲಿಗೆ ಮಿಷನ್ನಿಗೆ ಅಂತ ಕೂಡಿಟ್ಟ ದುಡ್ಡು ಇರೋದು ನನ್ನ ಬ್ಯಾಂಕ್ ಖಾತೇಲಿ.”

“ಅಯ್ಯೋ ಶಿವನೇ! ಹಂಗಾದ್ರೆ ನಿಂತ್ಕೊಂಡು ನೋಡ್ತೀರಲ್ಲ, ಏನಾದ್ರೂ ಮಾಡಿ!”

ಮೇಷ್ಟ್ರು ಅಲ್ಲೇ ಭೀಷ್ಮಪ್ರತಿಜ್ಞೆ ಮಾಡಿದರು: ಬ್ರಹ್ಮನಿಗೂ ನಕಲು ಮಾಡಲಾಗದ ಹೊಸ ರುಜು! ಮರುದಿನ ಬ್ಯಾಂಕಿಗೆ ಹೋಗಿ, ಕಣ್ಣು ಮುಚ್ಚಿ, ಎಡಗೈಯಲ್ಲಿ ಲೇಖನಿ ಹಿಡಿದು ಎಳೆದರು. ಜಿರಲೆಯೊಂದು ಮಸಿಕುಡಿಕೆಯಿಂದ ಎದ್ದು ಓಡಿಹೋದಂತಿತ್ತು.

“ಕೈಗೆ ಏನಾಯ್ತು ಮೇಷ್ಟ್ರೇ?” ಎಂದು ಗುಮಾಸ್ತ ಚೆಲುವರಾಜು ಕೇಳಿದ. ಅವನೂ ಹಳೆಯ ಶಿಷ್ಯನೇ. (ಎರಡು ಸಾವಿರ ಹುಡುಗರಲ್ಲಿ ಮೇಷ್ಟ್ರು ಕೈಚೆಲ್ಲಿದ್ದು ಇವನೊಬ್ಬನ ಅಕ್ಷರದ ಮುಂದೆ ಮಾತ್ರ.)

“ಕೈಗೆ ಏನೂ ಆಗಿಲ್ಲ, ತಲೆಗೆ ಬುದ್ಧಿ ಬಂದಿದೆ. ಹಳೇದನ್ನ ರದ್ದು ಮಾಡಪ್ಪ, ಇನ್ಮೇಲೆ ಇದೇ ನನ್ನ ರುಜು.”

ಅಂದಿನಿಂದ ಮೇಷ್ಟ್ರು ದಿನವೂ ಬೆಳಿಗ್ಗೆ ಎಡಗೈಯಲ್ಲಿ ಐವತ್ತು ಸಲ ಹೊಸ ರುಜುವನ್ನು ಅಭ್ಯಾಸ ಮಾಡಿದರು. ಅವರು ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ (ಆ ಗಡ್ಡವೊಂದನ್ನು ಬಿಟ್ಟು).

ಎರಡು ತಿಂಗಳಾಯಿತು. ಹತ್ತಿರದ ಬೀದಿಯಲ್ಲೊಂದು ಹೊಲಿಗೆ ಯಂತ್ರ ಮಾರಾಟಕ್ಕೆ ಬಂತು. ಸಂಜೆಯೊಳಗೆ ಹಣ ಕೊಡದಿದ್ದರೆ ಬೇರೆಯವರ ಪಾಲು. ಗಂಡ ಹೆಂಡತಿ ಇಬ್ಬರೂ ಬ್ಯಾಂಕಿಗೆ ನಡೆದರು. ಮೇಷ್ಟ್ರು ಎಡಗೈಯಲ್ಲಿ ಗಂಭೀರವಾಗಿ ರುಜು ಹಾಕಿದರು.

ಚೆಲುವರಾಜು ಅದನ್ನು ಮಾದರಿ ರುಜುವಿನ ಪಕ್ಕ ಇಟ್ಟು ನೋಡಿ ತಲೆ ಕೆರೆದುಕೊಂಡ. “ಇದು ಹೊಂದಲ್ಲ ಮೇಷ್ಟ್ರೇ. ತುಂಬ ಚೆನ್ನಾಗಿದೆ.”

ಮೇಷ್ಟ್ರು ಬಗ್ಗಿ ನೋಡಿದರು. ನಿಜ! ಎರಡು ತಿಂಗಳ ಅಭ್ಯಾಸದಿಂದ ಜಿರಲೆಗೆ ನಡಿಗೆ ಬಂದಿತ್ತು. ಒತ್ತುಗಳು ಮುತ್ತಿನಂತೆ ಸಾಲಾಗಿ ನಿಂತಿದ್ದವು. ಎಡಗೈಯಾದರೇನು, ಅದೂ ಅವರದೇ ಕೈಯಲ್ಲವೇ? ಇನ್ನೊಂದು ಫಾರಂ, ಮತ್ತೊಂದು ಫಾರಂ. ಕೆಡಿಸಿ ಬರೆಯಲು ಬೆವರು ಸುರಿಸಿದರು. ಏಳನೆಯದು ಎಲ್ಲಕ್ಕಿಂತ ಸುಂದರವಾಗಿತ್ತು.

“ಇಷ್ಟು ಕಷ್ಟ ಯಾಕೆ ಮೇಷ್ಟ್ರೇ? ಸುಮ್ನೆ ಹಿಂಗೆ ಎಳೀರಿ” ಎಂದು ಚೆಲುವರಾಜು ಮಸಿ ಒತ್ತುವ ಕಾಗದದ ಮೇಲೆ ಗೀಚಿ ತೋರಿಸಿದ. ಮಾದರಿ ರುಜುವಿಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ!

ಮೇಷ್ಟ್ರು ಆ ಕಾಗದವನ್ನು ಕಿತ್ತುಕೊಂಡು ಕಣ್ಣಿಗೆ ಹಿಡಿದರು. “ನೀನು... ಇದನ್ನ ಯಾವಾಗ ಕಲಿತೆಯೋ?”

“ಕಲಿಯೋದೇನು ಮೇಷ್ಟ್ರೇ, ನನ್ನ ಕೈಬರಹನೇ ಹಂಗಲ್ವಾ? ನೀವೇ ಅದಕ್ಕೆ ಎಷ್ಟು ಹೊಡೆದಿದ್ದೀರಿ!”

ಕೊನೆಗೆ ಮ್ಯಾನೇಜರು ಹೊರಗೆ ಬಂದು ದಾರಿ ತೋರಿಸಿದರು: ಹೆಬ್ಬೆಟ್ಟು ಒತ್ತಬಹುದು, ಆದರೆ ಗುರುತು ಬಲ್ಲ ಖಾತೆದಾರರೊಬ್ಬರು ಸಾಕ್ಷಿ ಹಾಕಬೇಕು. ತುಪ್ಪ ಮಾರಿ ಕೂಡಿಟ್ಟ ಹಣಕ್ಕೆ ಪುಟ್ಟಬಸಮ್ಮನವರದೂ ಅಲ್ಲೊಂದು ಪುಟ್ಟ ಖಾತೆಯಿತ್ತು.

“ಇವರನ್ನ ನೀವು ಬಲ್ಲಿರಾ ತಾಯಿ?”

“ಎರಡು ತಿಂಗಳ ಹಿಂದಿನವರೆಗೂ ಬಲ್ಲೆ ಅಂದ್ಕೊಂಡಿದ್ದೆ ಕಣಪ್ಪ” ಎಂದು ಪುಟ್ಟಬಸಮ್ಮ ದುಂಡಗೆ ತಮ್ಮ ಹೆಸರು ಬರೆದರು.

ಸಂಜೆ ಯಂತ್ರ ಮನೆಗೆ ಬಂತು. ತಂದಿಟ್ಟವನು ರಸೀದಿ ಚಾಚಿ, “ಬುದ್ಧಿ, ಒಂದು ರುಜು” ಎಂದ. ಮೇಷ್ಟ್ರು ಲೇಖನಿ ಕೇಳಲಿಲ್ಲ. ಮಸಿ ಮಾಸದ ಹೆಬ್ಬೆರಳನ್ನೇ ಮುಂದೆ ಚಾಚಿದರು.