ಹೆದರುಪುಕ್ಕಲ ಸೈನಿಕ

ನಾಟಕ ಬಿಟ್ಟು ಎಷ್ಟೋ ವರ್ಷವಾಯ್ತು. ಆದರೂ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಿಂದಿನಿಂದ “ಓಡೋ, ವೈರಿ ಬಂದ!” ಎಂದು ಕೂಗುವುದು ಇನ್ನೂ ನಿಂತಿಲ್ಲ. ಮೊನ್ನೆಯೂ ಆಯ್ತು. ನಾನೂ ಕೈಚೀಲ ಅವುಚಿಕೊಂಡು ನಾಲ್ಕು ಹೆಜ್ಜೆ ಓಡಿ ತೋರಿಸಿದೆ. ಆ ದಿನಗಳೇ ಚಂದ ಇದ್ದವು ಬಿಡಿ.

೧. ಪಾತ್ರ ಸಿಕ್ಕಿದ್ದು

ನನಗೆ ಮೊದಲು ಕೊಟ್ಟದ್ದು ಸೇನಾಪತಿಯ ಪಾತ್ರ. ಪ್ರಾಕ್ಟೀಸಿನ ಮೊದಲ ದಿನ ಜನ ಕಂಡು ಕೈಕಾಲು ಗಡಗಡ. ನಿರ್ದೇಶಕರು ಪುಸ್ತಕ ಮುಚ್ಚಿ, “ಹೇಡಿ ಸೈನಿಕ ಸಿಕ್ಕಿದ. ಇವನಿಗೆ ಕಲಿಸೋ ಕೆಲಸವೂ ಉಳೀತು” ಅಂದರು.

೨. ವಜ್ರಳ್ಳಿಯ ಅಜ್ಜಿ

“ಓಡೋ, ವೈರಿ ಬಂದ!” ಎಂಬ ಕೂಗು ಕೇಳಿದೊಡನೆ ನಾನು ರಂಗದಿಂದ ಹಾರಿ ಪ್ರೇಕ್ಷಕರ ನಡುವೆ ಓಡಬೇಕು. ವಜ್ರಳ್ಳಿಯಲ್ಲಿ ಒಬ್ಬ ಅಜ್ಜಿ ಗಪ್ಪನೆ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಮೇಲಿಂದ ರಾಜ, “ಆ ಹೇಡಿಯನ್ನು ಎಳೆದು ತನ್ನಿ!” ಎಂದು ಗುಡುಗಿದ. ಅಜ್ಜಿ ಎದ್ದು ನಿಂತು, “ಕೊಡ್ತ್ನಿಲ್ಲೆ! ಮಾಣಿ ಇನ್ನೂ ಊಟ ಮಾಡಿದ್ನಿಲ್ಲೆ” ಅಂದರು.

೩. ಸಿದ್ದಾಪುರದ ಯುದ್ಧ

ಸಿದ್ದಾಪುರದಲ್ಲಿ ಮಾತ್ರ ನನಗೆ ನಿಜವಾಗಿ ಹೆದರಿಕೆ. ಅಲ್ಲಿಯ ಹುಡುಗಿಯೊಬ್ಬಳನ್ನು ನೋಡಿ ಬಂದಿದ್ದೆ, ಮನಸ್ಸು ಅಲ್ಲೇ ಉಳಿದಿತ್ತು. ಅವಳ ಅಪ್ಪ, “ಮಾಣಿ ಗಟ್ಟಿ ಇದ್ನಾ ನೋಡಿ ಹೇಳ್ತಿ” ಎಂದು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. “ಇವತ್ತೊಂದಿನ ಸೇನಾಪತಿ ಮಾಡ್ತೇನೆ” ಎಂದು ನಿರ್ದೇಶಕರ ಕಾಲು ಹಿಡಿದೆ. ಕೇಳಬೇಕಲ್ಲ!

ಸೇನಾಪತಿ ಹುಬ್ಬಳ್ಳಿ ಕಡೆಯ ಮಾಸ್ತರರು, ನಮ್ಮ ಸೀಮೆಗೆ ಹೊಸಬರು. ರಂಗದ ಹಿಂದಿನ ಹಸಿ ಹುಲ್ಲಿನಲ್ಲಿ ಕಾದು ನಿಂತು ಬಂದವರು, “ಕೊನೆಯ ಹನಿ ರಕ್ತವಿರುವವರೆಗೂ ಕಾದಾಡುವೆ!” ಎಂದು ಕತ್ತಿ ಎತ್ತಿದರು. ಆಗಲೇ ಮೀನಖಂಡದ ಮೇಲೆ ರಕ್ತ ಕಂಡಿತು, ಅದರ ಮೇಲೆ ದಪ್ಪ ಉಂಬಳ, ನಮ್ಮ ಮಳೆಕಾಡಿನ ಜಿಗಣೆ. ಕತ್ತಿ ಅತ್ತ, ಕಿರೀಟ ಇತ್ತ. “ಯಪ್ಪಾ! ತಗೀರಿ ಇದನ್ನ, ಲಗೂ ತಗೀರಿ!” ಎಂದು ಕುಣಿದಾಡಿದರು.

ನಾನು ಸೊಂಟದ ಎಲೆಯಡಿಕೆ ಕವಳದ ಸಂಚಿ ಬಿಚ್ಚಿ, ಚೂರು ಸುಣ್ಣ ಮುಟ್ಟಿಸಿ ಉಂಬಳ ಉದುರಿಸಿದೆ. “ಹೋಯ್ತು ಪ್ರಭೂ, ಯುದ್ಧ ಮುಂದುವರಿಸಿ” ಅಂದೆ. ಪರದೆಯ ಹಿಂದಿನಿಂದ ನಿರ್ದೇಶಕರು, “ಲೇ, ನಡುಗೋ!” ಎಂದು ಹಲ್ಲು ಕಡಿದರು. ಪಾತ್ರ ನೆನಪಾಗಿ ಗಡಗಡ ನಡುಗಿದೆ. ಜನ ಬಿದ್ದು ಬಿದ್ದು ನಕ್ಕರು. ಹುಡುಗಿಯ ಅಪ್ಪ ಮಾತ್ರ ನಗಲಿಲ್ಲ. ಸಂಬಂಧ ಹೋಯ್ತು ಅಂದುಕೊಂಡೆ, ಕಣ್ಣು ತುಂಬಿ ಬಂತು.

ಬಣ್ಣ ತೊಳೆಯುವಾಗ ಅವರೇ ಬಂದು ಹೆಗಲ ಮೇಲೆ ಕೈಯಿಟ್ಟರು.

“ವೈರಿ ಕಂಡು ಓಡಿದ್ದಕ್ಕೆ ಬೇಜಾರು ಮಾಡ್ಕಳಡ. ನಮ್ಮನೆ ಬಾಗ್ಲಿಗೆ ಯುದ್ಧ ಯಾವಾಗ ಬತ್ತು ಮಾರಾಯಾ? ಉಂಬಳ ದಿನಾ ಬತ್ತು. ಮದುವೆಗೆ ದಿನ ನೋಡನ.”